ಭಿಶಿ ಪಟ್ಟಿ

ಗುಳೇದಗುಡ್ಡದಲ್ಲಿ ನನ್ನದೊಂದು ಅಂಗಡಿ.
ಒಂದು ಕಂಪ್ಯೂಟರ್, ಒಂದು ಝೆರಾಕ್ಸ್,
ಬಾಗಿಲವರೆಗೂ ಬಂದು ನಿಲ್ಲುವ ಓಣಿಯ ಮಗ್ಗದ ಸದ್ದು.
ಮಧ್ಯಾಹ್ನ ಕರೆಂಟು ಹೋದರೆ ನಿಲ್ಲುವುದು ನನ್ನ ಯಂತ್ರವೊಂದೇ.
ಕೈಮಗ್ಗಕ್ಕೆ ಅದರ ಗೊಡವೆಯಿಲ್ಲ.

ನೀಲವ್ವ ಬರಗುಂಡಿ ಬಂದಳು,
ಉಡಿಯೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು:
ಹನ್ನೆರಡು ಹೆಣ್ಣುಮಕ್ಕಳ ಭಿಶಿ,
ತಿಂಗಳಿಗೆ ತಲಾ ಐನೂರು,
ಯುಗಾದಿಯ ಮರುದಿನ ತಾಮ್ರದ ತಂಬಿಗೆಯಲ್ಲಿ ಕೈಯಿಟ್ಟು
ಚೀಟಿ ಎತ್ತಿ ಕಂಡುಕೊಂಡ ಪಾಳಿ.

"ಛಂದಾಗಿ ಹೊಡದು ಕೊಡೋ ತಮ್ಮಾ,
ಎಲ್ಲಾರ ಫೋನಿಗೂ ಹೋಗಬೇಕು.
ಐದು ಮಂದೀವು ಬರೇ ಗುಂಡಿ ಫೋನು."

ಹೊಡೆದೆ.
ಒಂದು ಎಂದು ಒತ್ತಿ ಮೊದಲ ಹೆಸರು ಬರೆದೆನೋ ಇಲ್ಲವೋ
ಎರಡು, ಮೂರು ತಾವೇ ಬಂದು ಕೂತವು
ಕರೆಯದೆ ಬರುವ ಬೀಗರ ಹಾಗೆ.
ಅಷ್ಟನ್ನೂ ಎತ್ತಿ ನೋಟ್‌ಪ್ಯಾಡಿಗೆ ಅಂಟಿಸಿದೆ.
ಹೆಸರು ಬಂದವು.
ಅಂಕಿ ಬರಲಿಲ್ಲ.

ದಾನವ್ವ ಉಂಕಿ, ಇಂದುಮತಿ ಶೀಪ್ರಿ, ಹಾಜರಾಬಿ ಮುಲ್ಲಾ,
ರೇಶನ್ ಅಂಗಡಿ ಬಾಗಿಲು ತೆರೆದಾಗ
ಪಾಳಿ ಮುರಿದು ನುಗ್ಗಿದವರಂತೆ
ಎಲ್ಲರೂ ಎಡಗೋಡೆಗೆ ಒತ್ತಿಕೊಂಡು ನಿಂತಿದ್ದರು.

"ಎಲ್ಲಿ ಹ್ವಾದುವು?"
ಹೋಗಿಲ್ಲವ್ವ, ಇರಲೇ ಇಲ್ಲ, ಅಂದೆ.
ಹಳೆಯ ಹಾಳೆಗೆ ಮರಳಿ ತೋರಿಸಿದೆ:
ಅಂಕಿಯ ಮೇಲೆ ಒತ್ತಿದರೂ ಆ ಮಿಣುಕುವ ಗೀಟು
ಅಲ್ಲಿ ನಿಲ್ಲುವುದಿಲ್ಲ,
ಜಾರಿ ಹೋಗಿ ಹೆಸರಿನ ಮುಂದೆ ನಿಲ್ಲುತ್ತದೆ.
ಅದು ಬರೆದದ್ದಲ್ಲ. ಯಂತ್ರ ಎಣಿಸಿ
ನಮ್ಮ ಕಣ್ಣಿಗೆ ತೋರಿಸುತ್ತಿರುವುದು.

ನೀಲವ್ವ ತುಸು ಸುಮ್ಮನಿದ್ದಳು.
"ಖಣದ ಮ್ಯಾಲ ಹಚ್ಚಿದ ರೇಟಿನ ಚೀಟಿ ಇದ್ದಂಗ.
ಒಂದು ಒಗತಕ್ಕ ಹೋಗತೈತಿ.
ಆನಿಹೆಜ್ಜಿ ಹೋಗಂಗಿಲ್ಲ ನೋಡು,
ಅದು ಹೊಕ್ಕಿನಾಗ ಹೊಕ್ಕಿರತೈತಿ."

ಹದಿನಾಲ್ಕು ವರ್ಷದಿಂದ ಗಿರಾಕಿಗಳಿಗೆ ತಿಳಿಸಿ ಹೇಳುತ್ತಿದ್ದೇನೆ,
ಇಷ್ಟು ಸಣ್ಣ ಮಾತು ನನಗೆ ಸಿಕ್ಕಿರಲಿಲ್ಲ.

"ಮತ್ತ, ಏಳನೇದು ತಗದುಬಿಡು," ಅಂದಳು.
"ಸುಶೀಲಾ ಕಟವಟಿ. ಹ್ವಾದ ಅಮಾಸಿಗೆ ತೀರಿಕೊಂಡ್ಲು."

ಆ ಛಂದದ ಹಾಳೆಯಲ್ಲೇ ಸಾಲನ್ನು ಅಳಿಸಿದೆ.
ರೆಪ್ಪೆ ಬಡಿಯುವಷ್ಟರಲ್ಲಿ
ಎಂಟು ಏಳಾಯಿತು, ಒಂಬತ್ತು ಎಂಟಾಯಿತು,
ಹನ್ನೆರಡು ಎಂದೂ ಇರಲೇ ಇಲ್ಲವೆಂಬಂತೆ
ಪಟ್ಟಿ ಹನ್ನೊಂದಕ್ಕೆ ಮುಗಿಯಿತು.
ಗಾಯವಿಲ್ಲ, ಹೊಲಿಗೆಯ ಗುರುತಿಲ್ಲ.

ಪರದೆಯನ್ನೇ ನೋಡುತ್ತ ನೀಲವ್ವ ಕೇಳಿದಳು:
"ಇಷ್ಟು ಲಗೂನ?"

ಆಮೇಲೆ, ಸ್ವಲ್ಪ ಸಿಟ್ಟಿನಿಂದಲೇ:
"ಹಾಜರಾಬಿ ಕಾರ್ತಿಕದ ರೊಕ್ಕಕ್ಕಂತ ಕೂತಾಳ.
ಆಕಿನ್ನ ಯಾರು ಮುಂದ ದೂಡಿದ್ರು?
ಆಕಿ ಕೈಗೆ ಬಂದದ್ದು ಎಂಟು, ಎಂಟೇ ಇರಲಿ."

ಎಲ್ಲ ಮುಚ್ಚಿದೆ.
ನೋಟ್‌ಪ್ಯಾಡಿನಲ್ಲೇ, ಎಣಿಸಲು ಬಾರದ ಆ ಬೋಳು ಹಾಳೆಯಲ್ಲೇ
ಮೊದಲಿನಿಂದ ಬರೆಯಲು ಕೂತೆ.
ಅಂಕಿ, ಚುಕ್ಕಿ, ಬೆರಳಷ್ಟು ತೆರಪು, ಹೆಸರು,
ಮತ್ತೆ ಕೆಳಗಿನ ಸಾಲು.
ಲಾಳಿ ಅತ್ತ ಹೋಗಿ ಇತ್ತ ಬರುವಷ್ಟು ನಿಧಾನ.
ಮಧ್ಯೆ ಒಬ್ಬ ಹುಡುಗ ಆಧಾರ್ ಝೆರಾಕ್ಸ್ ಕೇಳಿದ,
ಕಾಯಪ್ಪಾ ಅಂದೆ.

ಏಳು ಬರೆದೆ. ಚುಕ್ಕಿ ಇಟ್ಟೆ.
ಅವಳ ಮುಖ ನೋಡಿದೆ.
"ಮುಂದ ಹೋಗು," ಅಂದಳು.
"ಆ ತಿಂಗಳ ರೊಕ್ಕ ಆಕಿ ಮಗಳಿಗೆ ಕೊಡೂದೋ ಏನೋ
ನಾವು ಕೂತು ಮಾತಾಡತೀವಿ.
ಅದು ನಿನ್ನ ಕಂಪ್ಯೂಟರ್ ಕೆಲಸ ಅಲ್ಲ."

ಎತ್ತಿ ಅಂಟಿಸಿದೆ ಫೋನಿಗೆ. ಅಲ್ಲಿಂದ ಇನ್ನೊಂದಕ್ಕೆ.
ಈ ಸಲ ಒಂದೂ ಉದುರಲಿಲ್ಲ;
ಖಾಲಿ ಸಾಲೂ ತನ್ನ ಅಂಕಿ ಹಿಡಿದುಕೊಂಡೇ ಬಂತು.

ಚಾಳೀಸು ಮನೆಯಲ್ಲಿ ಬಿಟ್ಟು ಬಂದಿದ್ದಳು.
"ಓದು," ಅಂದಳು.

ಐದು, ಕಮಲಾಕ್ಷಿ ರಂಜಣಗಿ.
ಆರು, ಇಂದುಮತಿ ಶೀಪ್ರಿ.
ಏಳು,

ಅಂದೆ.
ನೀಲವ್ವ ಬಾಗಿಲ ಕಡೆ ತಿರುಗಿ ನೋಡಿದಳು
ನಾನು ಯಾರನ್ನೋ ಎಬ್ಬಿಸುತ್ತಿರುವಂತೆ.
ಓಣಿಯಲ್ಲಿ ಮಗ್ಗ ಬಡಿಯುತ್ತಿದ್ದವು.
ಒಂದು ಉಸಿರು ಕಾದೆ.

ಎಂಟು, ಹಾಜರಾಬಿ ಮುಲ್ಲಾ.